ನಾಲ್ಕೂವರೆ ಬಸ್ಸಿಗೆ ಮುಂಚೆ ವಿಕಿಪೀಡಿಯ

ನಾನು ಪಾಠ ಮಾಡುವುದು ತಾಲ್ಲೂಕು ಕೇಂದ್ರದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ, ಬಿಸಿಎ ತರಗತಿಗೆ. ಕೆಲವು ವರ್ಷಗಳಿಂದ ಶನಿವಾರ ಮಧ್ಯಾಹ್ನ ಆಸಕ್ತಿ ಇರುವ ಹುಡುಗಿಯರನ್ನು ಕೂರಿಸಿಕೊಂಡು ಕನ್ನಡ ವಿಕಿಪೀಡಿಯದಲ್ಲಿ, ಅಂದರೆ ಯಾರು ಬೇಕಾದರೂ ಬರೆದು ತಿದ್ದಬಹುದಾದ ಆನ್‌ಲೈನ್ ವಿಶ್ವಕೋಶದಲ್ಲಿ, ಬರೆಸುತ್ತಿದ್ದೇನೆ. ನಮ್ಮಲ್ಲೂ ಮಾಡಬೇಕು, ಹೇಗೆ ಮಾಡ್ತೀರಿ ಅಂತ ಬೇರೆ ಕಾಲೇಜಿನವರು ಆಗಾಗ ಕೇಳುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ, ಅದಕ್ಕೆ ಬರೆದಿಡುತ್ತಿದ್ದೇನೆ.

ಕೋಡಿಂಗ್ ಕ್ಲಬ್ ಬಿಟ್ಟು ವಿಕಿಪೀಡಿಯ ಯಾಕೆ ಅಂತ ನಮ್ಮ ಪ್ರಿನ್ಸಿಪಾಲರೂ ಕೇಳಿದ್ದರು. ಕೋಡಿಂಗ್ ಲ್ಯಾಬಿನಲ್ಲಿ ಬರೆದ ಪ್ರೋಗ್ರಾಂ ರೆಕಾರ್ಡ್ ಬುಕ್ಕಿನಲ್ಲೇ ಉಳಿಯುತ್ತದೆ. ಇಲ್ಲಿ ಬರೆದದ್ದು ಅವತ್ತೇ ಸಂಜೆ ಮನೆಯಲ್ಲಿ ಅಪ್ಪನ ಫೋನಿನಲ್ಲಿ ತೆರೆಯುತ್ತದೆ, ಅದೂ ಕನ್ನಡದಲ್ಲಿ. ಜೊತೆಗೆ ಖಾತೆ ತೆರೆಯುವುದು, ಪಾಸ್‌ವರ್ಡ್ ಕಾಪಾಡಿಕೊಳ್ಳುವುದು, ಲೈಸೆನ್ಸ್ ಅಂದರೇನು, ಗುರುತಿಲ್ಲದ ಒಬ್ಬರು "ಇದು ತಪ್ಪು" ಅಂದಾಗ ಗಾಬರಿಯಾಗದೆ ಉತ್ತರ ಕೊಡುವುದು ಹೇಗೆ, ಇಷ್ಟೂ ಬರುತ್ತದೆ. ಕೊನೆಯದು ಕೆಲಸಕ್ಕೆ ಸೇರಿದ ಮೇಲೆ ಎಲ್ಲದಕ್ಕಿಂತ ಜಾಸ್ತಿ ಬೇಕಾಗುತ್ತದೆ.

ಮೊದಲ ದಿನ ಡೋನಾ ಸ್ಟ್ರಿಕ್‌ಲ್ಯಾಂಡ್ ಕಥೆ ಹೇಳುತ್ತೇನೆ. ಕೆನಡಾದ ಭೌತವಿಜ್ಞಾನಿ. 2018ರ ಮೇ ತಿಂಗಳಲ್ಲಿ ಯಾರೋ ಅವರ ಬಗ್ಗೆ ಇಂಗ್ಲಿಷ್ ವಿಕಿಪೀಡಿಯಕ್ಕೆ ಕೊಟ್ಟಿದ್ದ ಕರಡು ವಾಪಸ್ ಬಂತು. ಅವರು ಲೇಖನಕ್ಕೆ ತಕ್ಕಷ್ಟು ಹೆಸರಾದವರು ಅಂತ ತೋರಿಸುವ ಆಧಾರ ಅದರಲ್ಲಿ ಸಾಲದು ಅನ್ನುವುದು ಕಾರಣ. ಅದೇ ಅಕ್ಟೋಬರಿನಲ್ಲಿ ಅವರಿಗೆ ನೊಬೆಲ್ ಬಂತು. ಭೌತವಿಜ್ಞಾನದಲ್ಲಿ ಆ ಪ್ರಶಸ್ತಿ ಪಡೆದ ಮೂರನೇ ಹೆಂಗಸು ಅವರು. ಅವರ ಜೊತೆ ಪ್ರಶಸ್ತಿ ಹಂಚಿಕೊಂಡ ಜೆರಾರ್ ಮುರೂ ಬಗ್ಗೆ ಮಾತ್ರ ಎಷ್ಟೋ ವರ್ಷ ಮೊದಲೇ ಲೇಖನ ಇತ್ತು. ಇಂಗ್ಲಿಷ್ ವಿಕಿಪೀಡಿಯದ ಜೀವನಚರಿತ್ರೆಗಳಲ್ಲಿ ಹೆಂಗಸರದು ಇವತ್ತಿಗೂ ಐದರಲ್ಲಿ ಒಂದು ಪಾಲು. ಇದನ್ನು ಕೇಳಿದರೆ ಹುಡುಗಿಯರಿಗೆ ಸಿಟ್ಟು ಬರುತ್ತದೆ. ಆ ಸಿಟ್ಟು ಎರಡು ಶನಿವಾರಕ್ಕೆ ಸಾಕಾಗುತ್ತದೆ. ಮೂರನೇ ಶನಿವಾರಕ್ಕೆ ಬೇಕಾಗುವುದು ಬೇರೆ: ಟೈಮು ಮತ್ತು ಫೋನು.

ಟೈಮ್ ವಿಷಯ ಮೊದಲು ಹೇಳುತ್ತೇನೆ. ನಮ್ಮ ಮುಕ್ಕಾಲು ಪಾಲು ಹುಡುಗಿಯರು ಸುತ್ತಲಿನ ಹಳ್ಳಿಗಳಿಂದ ಬರುವವರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಚಿಂತೆ ತಪ್ಪಿತು, ಬಸ್ಸಿನ ಟೈಮಿನ ಚಿಂತೆ ತಪ್ಪಲಿಲ್ಲ. ನಾಲ್ಕೂವರೆ ಬಸ್ ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ. ಹಾಗೆ ಒಂದು ಸಲ ಲೇಟಾಗಿ ಮನೆ ಸೇರಿದರೆ ಮುಂದಿನ ವಾರ ಆ ಹುಡುಗಿ ಬರುವುದಿಲ್ಲ, ಬರಲು ಬಿಡುವುದಿಲ್ಲ. ಹಾಗಾಗಿ ಎರಡಕ್ಕೆ ಶುರು, ನಾಲ್ಕಕ್ಕೆ ಮುಕ್ತಾಯ. ವಾಕ್ಯ ಅರ್ಧಕ್ಕೇ ನಿಂತಿದ್ದರೂ ಸರಿ, ಪ್ರಯೋಗಪುಟದಲ್ಲಿ (ಲೇಖನ ಮಾಡುವ ಮುಂಚೆ ಬರೆದು ನೋಡಲು ಇರುವ ಅವರವರ ಪುಟ) ಉಳಿಸಿ ಎದ್ದುಬಿಡುತ್ತೇವೆ. ರಾತ್ರಿಯಿಡೀ ಕೂತು ಪ್ರೋಗ್ರಾಂ ಬರೆಯುವ ಹ್ಯಾಕಥಾನ್ ಸ್ಪರ್ಧೆಗಳ ಪೋಸ್ಟರ್ ನಮ್ಮ ನೋಟಿಸ್ ಬೋರ್ಡಿಗೂ ಬರುತ್ತವೆ. ಕೆಳಗೆ "ಹುಡುಗಿಯರಿಗೆ ವಿಶೇಷ ಬಹುಮಾನ" ಅಂತ ಬೇರೆ ಬರೆದಿರುತ್ತಾರೆ. ಬಹುಮಾನದ ಬದಲು ಹಗಲು ಹೊತ್ತಿನಲ್ಲಿ ಇಡಬಾರದಾ?

ಇನ್ನು ಫೋನು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಮೊಬೈಲ್ ಇರುವ ಹೆಂಗಸರು ದೇಶದಲ್ಲಿ ನೂರಕ್ಕೆ 54. ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು ಹೆಂಗಸರಲ್ಲಿ 33, ಗಂಡಸರಲ್ಲಿ 57. ಕಾಲೇಜಿಗೆ ಬರುವವರ ಸ್ಥಿತಿ ಇದಕ್ಕಿಂತ ಉತ್ತಮ, ಆದರೂ ಒಂದು ಫೋನನ್ನು ತಮ್ಮನ ಜೊತೆ ಹಂಚಿಕೊಳ್ಳುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಅಂಥವರಿಗೆ ಎರಡು ಮಾತು ಹೇಳುತ್ತೇನೆ. ಬಳಕೆದಾರ ಹೆಸರು ನಿಮ್ಮ ನಿಜ ಹೆಸರಾಗಿರಬೇಕಾಗಿಲ್ಲ, ಊರಿನ ಹೆಸರಂತೂ ಬೇಡವೇ ಬೇಡ. ಎದ್ದು ಹೋಗುವ ಮುಂಚೆ ಲಾಗ್ ಔಟ್ ಆಗಿ. ಅವರು ಇಟ್ಟುಕೊಳ್ಳುವ ಹೆಸರುಗಳನ್ನು ನೋಡಬೇಕು ನೀವು. ಹೂವು, ಹಕ್ಕಿ, ಧಾರಾವಾಹಿ ಪಾತ್ರ ಎಲ್ಲ ಬಂದು ಹೋಗಿವೆ.

ಖಾತೆ ತೆರೆಯುವಾಗ ಒಂದು ಗಂಟು ಇದೆ, ಹೊಸದಾಗಿ ಮಾಡುವವರು ಗಮನಿಸಿ. ಒಂದೇ ಐಪಿ ವಿಳಾಸದಿಂದ, ಅಂದರೆ ಒಂದೇ ಇಂಟರ್ನೆಟ್ ಸಂಪರ್ಕದಿಂದ, ದಿನಕ್ಕೆ ಆರು ಖಾತೆ ಮಾತ್ರ ತೆರೆಯಬಹುದು. ಕಿಡಿಗೇಡಿಗಳು ರಾಶಿ ರಾಶಿ ಖಾತೆ ತೆರೆಯದಿರಲಿ ಅಂತ ಇಟ್ಟ ಮಿತಿ ಅದು. ಲ್ಯಾಬಿನಲ್ಲಿ ಎಲ್ಲರೂ ಒಂದೇ ವೈಫೈನಲ್ಲಿ ಕೂತಿರುತ್ತಾರೆ, ಏಳನೆಯವಳಿಗೆ ಆಗುವುದಿಲ್ಲ. ಅವಳು ತನ್ನದೇ ಏನೋ ತಪ್ಪು ಅಂದುಕೊಂಡು ಸುಮ್ನೆ ಕೂತಿರುತ್ತಾಳೆ, ಕೈ ಎತ್ತುವುದಿಲ್ಲ. ಆದ್ದರಿಂದ ಖಾತೆಗಳನ್ನು ಹಿಂದಿನ ವಾರದಲ್ಲೇ, ಅವರವರ ಮೊಬೈಲ್ ಡೇಟಾದಲ್ಲಿ ಮಾಡಿಸಿಬಿಡಿ. ದೊಡ್ಡ ಕಾರ್ಯಕ್ರಮ ಆದರೆ ಮಿತಿ ಸಡಿಲಿಸಲು ಮೊದಲೇ ಮನವಿ ಹಾಕುವ ದಾರಿಯೂ ಇದೆ.

ಟೈಪಿಂಗ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಫೋನಿನಲ್ಲಿ ಅವರು ನನಗಿಂತ ಚುರುಕು. ಕಂಪ್ಯೂಟರಿನಲ್ಲಾದರೆ ವಿಕಿಪೀಡಿಯದೊಳಗೇ ಕನ್ನಡ ಕೀಲಿಮಣೆ ಇದೆ, ಏನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ನಾನು ಕಗಪ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸ ಹೇಳಿಕೊಡುತ್ತೇನೆ. "ಎಫ್" ಕೀ ಒತ್ತಿದರೆ ಅಕ್ಷರ ಅರ್ಧವಾಗಿ ಮುಂದಿನದಕ್ಕೆ ಒತ್ತು ಸೇರುತ್ತದೆ ಅಂತ ಗೊತ್ತಾದರೆ ಉಳಿದದ್ದು ತಾನಾಗೇ ಬರುತ್ತದೆ.

ಮೊದಲ ಕೆಲಸ ಹೊಸ ಲೇಖನ ಅಲ್ಲ. ಇರುವ ಲೇಖನದಲ್ಲಿ ಒಂದು ಕಾಗುಣಿತದ ತಪ್ಪು ತಿದ್ದಬೇಕು, ಅಷ್ಟೇ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಲೇಖನಗಳು 30 ಸಾವಿರ ದಾಟಿವೆ, ತಿದ್ದಲು ತಪ್ಪಿಗೆ ಬರವಿಲ್ಲ. ಪ್ರಕಟಿಸಿ ಅನ್ನುವ ಬಟನ್ ಒತ್ತುವಾಗ "ಮೇಡಂ, ನಿಜವಾಗ್ಲೂ ಒತ್ತಲಾ?" ಅಂತ ಕೇಳದ ಹುಡುಗಿಯನ್ನು ನಾನು ಇನ್ನೂ ನೋಡಿಲ್ಲ. ಒತ್ತಿದ ಮೇಲೆ ಲೇಖನದ ಇತಿಹಾಸ ತೆರೆದು ಅವಳ ಹೆಸರು, ಗಂಟೆ, ನಿಮಿಷ ತೋರಿಸುತ್ತೇನೆ. ಹಾಳಾದರೆ ಹಿಂದಿನ ರೂಪಕ್ಕೆ ತರಬಹುದು ಅನ್ನುವುದನ್ನೂ ಅಲ್ಲೇ ಮಾಡಿ ತೋರಿಸುತ್ತೇನೆ. ಮಾತಿನಲ್ಲಿ ಎಷ್ಟು ಧೈರ್ಯ ಹೇಳಿದರೂ ಇಷ್ಟು ಕೆಲಸ ಆಗುವುದಿಲ್ಲ.

ಆಮೇಲೆ ಒಬ್ಬರ ಜೀವನವನ್ನು ಹಿಡಿದು ಇಡೀ ಬ್ಯಾಚ್ ತಮ್ಮ ತಮ್ಮ ಪ್ರಯೋಗಪುಟದಲ್ಲಿ ಬರೆಯುತ್ತದೆ. ನಾನು ಸಾಮಾನ್ಯವಾಗಿ ಆರಿಸುವುದು ರಾಜೇಶ್ವರಿ ಚಟರ್ಜಿ ಅವರನ್ನು. ನಮ್ಮ ಕರ್ನಾಟಕದವರೇ, 1922ರಲ್ಲಿ ಹುಟ್ಟಿದವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂಎಸ್‌ಸಿ ಮುಗಿಸಿ 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಸ್ಕಾಲರ್‌ಶಿಪ್ ಪಡೆದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು, 1953ರಲ್ಲಿ ಪಿಎಚ್‌ಡಿ ಪಡೆದು ವಾಪಸ್ ಬಂದು ಅದೇ ಸಂಸ್ಥೆಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದರು. ಆ ಸಂಸ್ಥೆಯ ಎಂಜಿನಿಯರಿಂಗ್ ವಿಭಾಗದ ಮೊದಲ ಮಹಿಳಾ ಅಧ್ಯಾಪಕಿ. 1982ರಲ್ಲಿ ನಿವೃತ್ತರಾದರು. "ನಮ್ಮಜ್ಜಿ ಹುಟ್ಟೋಕೆ ಮುಂಚೆನೇ ಇವರು ಮೈಕ್ರೋವೇವ್ ಓವನ್ ಮಾಡ್ತಿದ್ರಾ?" ಅಂತ ಒಬ್ಬಳು ಕೇಳಿದಳು. ಓವನ್ ಅಲ್ಲಮ್ಮಾ, ರೇಡಾರ್, ಆಂಟೆನಾ ಅಂದೆ. ಆ ಶನಿವಾರ ಪೂರ್ತಿ ಆಂಟೆನಾ ಹೇಗೆ ಕೆಲಸ ಮಾಡುತ್ತದೆ ಅನ್ನುವುದರಲ್ಲೇ ಕಳೆಯಿತು. ಲೇಖನ ಒಂದು ಸಾಲೂ ಮುಂದೆ ಹೋಗಲಿಲ್ಲ, ನನಗೆ ಬೇಜಾರೇನೂ ಆಗಲಿಲ್ಲ.

ಒಬ್ಬರ ಬಗ್ಗೆಯೇ ಎಲ್ಲರೂ ಬರೆದರೆ ಹೋಲಿಸಿ ನೋಡಬಹುದು. ಯಂತ್ರಾನುವಾದ ಮಾಡಿ ಅಂಟಿಸಿದವರು ಓದಿ ಹೇಳುವಾಗಲೇ ಸಿಕ್ಕಿಬೀಳುತ್ತಾರೆ, ಬೈಯುವ ಅಗತ್ಯ ಬೀಳುವುದಿಲ್ಲ. ಪ್ರತಿ ಸಾಲಿಗೂ "ಇದು ನಿನಗೆ ಹೇಗೆ ಗೊತ್ತು?" ಅಂತ ಪಕ್ಕದವಳು ಕೇಳಬೇಕು. ಉತ್ತರವಾಗಿ ಒಂದು ಪುಸ್ತಕವೋ ಪತ್ರಿಕೆಯೋ ಇರಬೇಕು, ಅದೇ ಉಲ್ಲೇಖ. ಇಲ್ಲದಿದ್ದರೆ ಸಾಲು ತೆಗೆಯಬೇಕು.

ತೊಡಕು ಬರುವುದೂ ಇಲ್ಲೇ. ಒಬ್ಬ ಹುಡುಗಿಗೆ ತನ್ನ ಊರಿನ ಒಬ್ಬರ ಬಗ್ಗೆ ಬರೆಯುವ ಆಸೆ. ಗಂಡ ತೀರಿಕೊಂಡ ಮೇಲೆ ಅವರ ಅಂಗಡಿಯನ್ನು ತಾವೇ ನಡೆಸುತ್ತಾ, ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಹೆಂಗಸು. ಸುತ್ತಮುತ್ತಲಿನ ರೈತರೆಲ್ಲ ಅವರ ಹತ್ತಿರವೇ ಬರುತ್ತಾರಂತೆ. ಹುಡುಕಿದೆವು. ಯಾವ ಪೇಪರಿನಲ್ಲೂ ಒಂದು ಸಾಲಿಲ್ಲ. ವಿಕಿಪೀಡಿಯದಲ್ಲಿ ನಾವೇ ಸಂದರ್ಶನ ಮಾಡಿ ಬರೆಯುವಂತಿಲ್ಲ, ಬೇರೆ ಕಡೆ ಅಚ್ಚಾಗಿರಬೇಕು. "ಪೇಪರ್‌ನೋರು ಬರೀಲಿಲ್ಲ ಅಂದ್ರೆ ಅವರು ಇಲ್ವಾ ಮೇಡಂ?" ಅಂದಳು.

ನಿಯಮ ಸರಿಯಾಗೇ ಇದೆ. ಅದಿಲ್ಲದಿದ್ದರೆ ಊರಿಗೊಬ್ಬ ಪುಢಾರಿ ತನ್ನ ಪುಟ ತಾನೇ ಬರೆದುಕೊಳ್ಳುತ್ತಾನೆ. ಆದರೆ ಪತ್ರಿಕೆಗಳು ನೂರು ವರ್ಷ ಯಾರನ್ನು ಕಂಡವೋ ಅವರೇ ವಿಶ್ವಕೋಶಕ್ಕೂ ಬರುತ್ತಾರೆ, ಇದೂ ನಿಜ. ಅವಳು ಅದನ್ನು ಒಂದೇ ವಾಕ್ಯದಲ್ಲಿ ಹೇಳಿದ್ದಳು, ನನ್ನ ಹತ್ತಿರ ಅದಕ್ಕೆ ಪೂರ್ತಿ ಉತ್ತರ ಇರಲಿಲ್ಲ.

ಬೇರೊಂದು ದಾರಿ ಹುಡುಕಿದೆವು. ಆ ಹೆಂಗಸಿನ ಬಗ್ಗೆ ಅಲ್ಲದಿದ್ದರೂ ಅವರ ಕೆಲಸದ ಬಗ್ಗೆ ಬರೆಯಬಹುದಲ್ವಾ? ಅವಳು ಅಂಗಡಿಗೆ ಹೋಗಿ ಫೋಟೊ ತೆಗೆದಳು. ಸುಟ್ಟ ಸುರುಳಿ ಕಿತ್ತು ತೆಗೆಯುವುದು, ಸ್ಲಾಟುಗಳಲ್ಲಿ ಇನ್ಸುಲೇಷನ್ ಪೇಪರ್ ಕೂರಿಸುವುದು, ತಾಮ್ರದ ತಂತಿ ಸುತ್ತುವುದು, ಕೊನೆಗೆ ವಾರ್ನಿಷ್. "ಮುಖ ಬೇಡ ಕಣವ್ವಾ, ಕೈ ಬೇಕಾದ್ರೆ ತಕ್ಕೋ" ಅಂದರಂತೆ. ಕೈಗಳನ್ನೇ ತೆಗೆದಳು. ತೆಗೆದವಳದೇ ಹಕ್ಕು, ಹಾಗಾಗಿ ಮುಕ್ತ ಲೈಸೆನ್ಸಿನಲ್ಲಿ ವಿಕಿಮೀಡಿಯ ಕಾಮನ್ಸ್‌ಗೆ, ಅಂದರೆ ವಿಕಿಪೀಡಿಯದ ಚಿತ್ರಗಳನ್ನು ಇಡುವ ತಾಣಕ್ಕೆ, ಹಾಕಿದಳು. ಯಾರು ಬೇಕಾದರೂ ಹೆಸರು ಹಾಕಿ ಬಳಸಿಕೊಳ್ಳಬಹುದು ಅಂತ ಮೊದಲೇ ಹೇಳಿ, ಅಂಗಡಿಯವರ ಒಪ್ಪಿಗೆ ಪಡೆದಿದ್ದಳು. ಬಿಸಿಎ ಹುಡುಗಿಗೆ ಸ್ಟೇಟರ್ (ಮೋಟಾರಿನ ತಿರುಗದ ಭಾಗ) ಅಂದರೇನು ಅಂತ ನಾನು ಹೇಳಿಕೊಡಲಿಲ್ಲ, ಆ ಹೆಂಗಸು ಹೇಳಿಕೊಟ್ಟರು. ಅವರ ಬಗ್ಗೆ ಒಂದು ಬರಹ ಮಾಡಿ ಅಂತ ಜಿಲ್ಲೆಯ ಒಬ್ಬ ವರದಿಗಾರರ ಬೆನ್ನು ಹತ್ತಿದ್ದೇವೆ. ಇನ್ನೂ ಬಂದಿಲ್ಲ.

ಪ್ರತಿ ಲೇಖನದ ಜೊತೆಗಿರುವ ಚರ್ಚೆ ಪುಟದ ಬಗ್ಗೆ ಒಂದು ಮಾತು. ಬರೆದದ್ದನ್ನು ಯಾರಾದರೂ ತೆಗೆದರೆ ಹುಡುಗಿಯರು ಖಾತೆಯನ್ನೇ ಬಿಟ್ಟುಬಿಡುವ ಸಂಭವ ಜಾಸ್ತಿ. ಅದಕ್ಕೆ ಚರ್ಚೆ ಪುಟದಲ್ಲಿ ಪ್ರಶ್ನೆ ಹಾಕುವುದನ್ನು ಮೊದಲ ತಿಂಗಳಲ್ಲೇ ಅಭ್ಯಾಸ ಮಾಡಿಸುತ್ತೇನೆ. "ಈ ಸಾಲು ಯಾಕೆ ತೆಗೆದಿರಿ? ಈ ಉಲ್ಲೇಖ ಸಾಲದೇ?" ಇಷ್ಟೇ, ಕ್ಷಮೆ ಕೇಳುವ ಪೀಠಿಕೆ ಬೇಡ. ಸಮುದಾಯದ ಚರ್ಚೆಗೆ ಅಂತ ಕನ್ನಡ ವಿಕಿಪೀಡಿಯದಲ್ಲಿ "ಅರಳಿ ಕಟ್ಟೆ" ಅನ್ನುವ ಪುಟ ಇದೆ. ಊರಿನ ಅರಳಿ ಕಟ್ಟೆ ಮೇಲೆ ಹುಡುಗಿಯರು ಕೂತು ಮಾತಾಡಿದ್ದನ್ನು ನಾನಂತೂ ಕಂಡಿಲ್ಲ. ಈ ಕಟ್ಟೆಯಲ್ಲಿ ನಮ್ಮವರು ಈಗ ಪ್ರಶ್ನೆ ಹಾಕುತ್ತಾರೆ.

ಶುರು ಮಾಡುವವರು ಮಾರ್ಚ್ ಎಂಟನ್ನು ಬಿಟ್ಟು ಬೇರೆ ಯಾವ ದಿನವನ್ನಾದರೂ ಇಟ್ಟುಕೊಳ್ಳಿ. ಮಹಿಳಾ ದಿನಕ್ಕೆ ಸಂಪಾದನೋತ್ಸವ (ಎಲ್ಲರೂ ಒಟ್ಟಿಗೆ ಕೂತು ವಿಕಿಪೀಡಿಯ ಬರೆಯುವ ಕಾರ್ಯಕ್ರಮ) ಇಟ್ಟರೆ ಹಾಲ್ ತುಂಬುತ್ತದೆ, ಸರ್ಟಿಫಿಕೇಟ್ ಸಿಗುತ್ತದೆ, ಮುಂದಿನ ವಾರ ಬರುವುದು ಯಾರು? ಸೆಮಿಸ್ಟರ್ ಶುರುವಾದ ಕೂಡಲೇ ಇಡಿ. ಎಷ್ಟು ಲೇಖನ ಬಂತು ಅಂತ ಯಾರಾದರೂ ಲೆಕ್ಕ ಕೇಳಿದರೆ, ಎರಡು ತಿಂಗಳಾದ ಮೇಲೆ ಎಷ್ಟು ಹುಡುಗಿಯರು ಇನ್ನೂ ತಿದ್ದುತ್ತಿದ್ದಾರೆ ಅನ್ನುವ ಲೆಕ್ಕ ಕೊಡಿ. ಆ ಸಂಖ್ಯೆ ಚಿಕ್ಕದಾಗಿರುತ್ತದೆ, ನಮ್ಮಲ್ಲೂ ಚಿಕ್ಕದೇ. ಈಗಿನ ಬ್ಯಾಚಿಗೆ ಖಾತೆ ಮಾಡಿಸುವುದು, ಕೀಲಿಮಣೆ ಕಲಿಸುವುದೆಲ್ಲ ಹಿಂದಿನ ಬ್ಯಾಚಿನವರೇ ಮಾಡುತ್ತಾರೆ. ನಾನು ಲ್ಯಾಬಿನ ಬೀಗ ತೆಗೆದು, ಗಡಿಯಾರ ನೋಡಿಕೊಳ್ಳುತ್ತೇನೆ.