ಹೆಡ್ ಗ್ಯಾಸ್ಕೆಟ್ ಬದಲಿಸಿದ ನಾಲ್ಕು ದಿನ

ಕೋಲಾರದ ಮಾರುಕಟ್ಟೆಗೆ ಟೊಮೆಟೊ ಸಾಗಿಸುವ ನನ್ನ ಸಣ್ಣ ಲಾರಿ ಬೇಸಿಗೆಯಿಡೀ ರೇಡಿಯೇಟರ್ ನೀರು ಕುಡಿಯುತ್ತಿತ್ತು. ಹೊರಗೆ ಒಂದು ಹನಿಯೂ ಸೋರುತ್ತಿರಲಿಲ್ಲ. ಎಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದೆ. ನೀರಿನಲ್ಲಿ ಗುಳ್ಳೆಗಳು ಎಡೆಬಿಡದೆ ಏಳುತ್ತಿದ್ದವು. ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆತ ಕಾಫಿಯ ಬಣ್ಣದ ಜಿಡ್ಡು. ಎಂಜಿನ್ ಬ್ಲಾಕ್ ಮತ್ತು ಅದರ ಮೇಲೆ ಕೂರುವ ಹೆಡ್ ನಡುವೆ ಸೋರದಂತೆ ತಡೆಯುವ ಹಾಳೆ, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿದೆ ಎಂಬುದರಲ್ಲಿ ಅನುಮಾನವೇ ಉಳಿಯಲಿಲ್ಲ.

ನೀರು, ಆಯಿಲ್ ಇಳಿಸಿ, ಮ್ಯಾನಿಫೋಲ್ಡ್ (ಗಾಳಿ, ಹೊಗೆಯ ಕೊಳವೆಗಳು) ಬಿಚ್ಚಿದೆ. ಮತ್ತೆ ಜೋಡಿಸುವಾಗ ವಾಲ್ವ್‌ಗಳ ಚಲನೆ ಹೊಂದಿಸಲು ಬೇಕಾಗುವ ಟೈಮಿಂಗ್ ಗುರುತುಗಳ ಫೋಟೊ ತೆಗೆದಿಟ್ಟುಕೊಂಡೆ. ಹೆಡ್ ಬೋಲ್ಟ್‌ಗಳನ್ನು ಅಂಚಿನಿಂದ ನಡುವಿನ ಕಡೆಗೆ ಸ್ವಲ್ಪ ಸ್ವಲ್ಪವೇ ಸಡಿಲಿಸಿದೆ. ಹೆಡ್ ಎತ್ತಲು ತಮ್ಮನೂ ಕೈ ಹಾಕಿದ. 2 ಮತ್ತು 3ನೇ ಸಿಲಿಂಡರ್‌ಗಳ ನಡುವೆ ಗ್ಯಾಸ್ಕೆಟ್ ಸುಟ್ಟು, ನೀರಿನ ದಾರಿಯವರೆಗೂ ಸೀಳಿತ್ತು.

ಇಲ್ಲಿ ಯಾರೂ ಅವಸರಪಡಬೇಡಿ. ಹೆಡ್ ಮೇಲೆ ನೇರವಾದ ಉಕ್ಕಿನ ಪಟ್ಟಿ ಇಟ್ಟು ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ತೂರಿಸಿದಾಗ 0.10 ಮಿ.ಮೀ. ಬಾಗು ಕಂಡಿತು. ಹಾಗೆಯೇ ಕೂರಿಸಿದ್ದರೆ ಹೊಸ ಗ್ಯಾಸ್ಕೆಟ್ ಬಾಳುತ್ತಿರಲಿಲ್ಲ. ಕೈಪಿಡಿ ನೋಡಿಕೊಂಡು ಲೇತ್ ಅಂಗಡಿಯಲ್ಲಿ ಮೇಲ್ಮೈ ಸಮ ಮಾಡಿಸಿದೆ. ನನ್ನ ಡೀಸೆಲ್ ಎಂಜಿನ್‌ಗೆ ಗ್ಯಾಸ್ಕೆಟ್ ದಪ್ಪವೂ ಮುಖ್ಯ. ಹಳೆಯದರ ಅಂಚಿನಲ್ಲಿ ದಪ್ಪ ತಿಳಿಸುವ ಕಚ್ಚುಗಳನ್ನು ಎಣಿಸಿ, ಅಷ್ಟೇ ಕಚ್ಚುಗಳಿರುವುದನ್ನು ತಂದೆ. ಬ್ಲಾಕ್‌ನ ಬೋಲ್ಟ್ ರಂಧ್ರಗಳಲ್ಲಿ ನಿಂತ ನೀರನ್ನು ಗಾಳಿ ಹೊಡೆದು ತೆಗೆಯಲೇಬೇಕು, ಇಲ್ಲದಿದ್ದರೆ ಬಿಗಿಯುವಾಗ ಬ್ಲಾಕ್ ಬಿರಿಯಬಹುದು.

ಹೊಸ ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಕೈಪಿಡಿಯ ಅಳತೆಯಂತೆ ಮೂರು ಹಂತಗಳಲ್ಲಿ ಬಿಗಿಯುವ ಬಲ ಅಳೆಯುವ ಟಾರ್ಕ್ ರೆಂಚ್‌ನಿಂದ ಬಿಗಿದೆ. ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಅಂತರ ಹೊಂದಿಸಿ, ಹೊಸ ಆಯಿಲ್, ಫಿಲ್ಟರ್, ಕೂಲಂಟ್ ಹಾಕಿದೆ. ನಾಲ್ಕನೇ ದಿನ ಸಂಜೆ ಎಂಜಿನ್ ಹತ್ತಿಕೊಂಡಾಗ ಮನೆಯವರೆಲ್ಲ ಅಂಗಳಕ್ಕೆ ಬಂದರು. ಮರುದಿನ ಮುಳಬಾಗಿಲಿನಿಂದ ಕೋಲಾರಕ್ಕೆ ಪೂರ್ತಿ ಹೊರೆ ಹೊತ್ತು ಹೋದೆವು. ಉಷ್ಣತೆಯ ಮುಳ್ಳು ಅರ್ಧ ದಾಟಲಿಲ್ಲ.