ರಷ್ಯಾ ‘ಮಾಲು ಸರಿಯಿಲ್ಲ’ ಎಂದಾಗ ಆ ಸುದ್ದಿ ಓದುವುದು ಹೇಗೆ?

2024ರ ಅಕ್ಟೋಬರ್‌ನಲ್ಲಿ ಒಂದು ಸಣ್ಣ ಸುದ್ದಿ ಬಂತು. ಕಜಕಿಸ್ತಾನದ ಟೊಮೆಟೊ, ಮೆಣಸಿನಕಾಯಿ, ಕರಬೂಜ, ಗೋಧಿ, ಮಸೂರ ಬೇಳೆ ತನ್ನ ಗಡಿಯೊಳಗೆ ಬರುವುದನ್ನು ರಷ್ಯಾ ತಡೆಯಿತು. ಬೆಳೆಗೆ ಹುಳ, ರೋಗ ಬರದಂತೆ ಇರುವ ನಿಯಮ ಪಾಲಿಸಿಲ್ಲ ಎಂಬ ಕಾರಣ ಕೊಟ್ಟಿತು. ಓದಿದರೆ ಸುಮ್ನೆ ಕೃಷಿ ಸುದ್ದಿ ಅನಿಸುತ್ತದೆ, ಅಲ್ವಾ? ಆದರೆ ಅದರ ಹಿಂದಿನ ದಿನವಷ್ಟೇ ಕಜಕಿಸ್ತಾನ ‘ಸದ್ಯಕ್ಕೆ ಬ್ರಿಕ್ಸ್ ಕೂಟಕ್ಕೆ ಅರ್ಜಿ ಹಾಕುವುದಿಲ್ಲ’ ಎಂದಿತ್ತು. ಮರು ವಾರವೇ ರಷ್ಯಾದ ಕಜಾನ್ ನಗರದಲ್ಲಿ ಬ್ರಿಕ್ಸ್ ಶೃಂಗಸಭೆ ಇತ್ತು.

ನೆರೆಹೊರೆಯ ದೇಶಗಳ ಜೊತೆ ರಷ್ಯಾದ ಮನಸ್ತಾಪ ಎಷ್ಟೋ ಸಲ ಮೊದಲು ಕಾಣಿಸುವುದು ಹೀಗೆ ತರಕಾರಿಯಲ್ಲಿ, ಹಾಲಿನಲ್ಲಿ, ವೈನ್ ಬಾಟಲಿಯಲ್ಲಿ. ಇಂಥ ಸುದ್ದಿ ಕಣ್ಣಿಗೆ ಬಿದ್ದಾಗ ನಾನು ಅದನ್ನು ಓದುವ ಕ್ರಮ ಇದು.

1. ತಡೆದವರು ಯಾರು ನೋಡಿ

ಎರಡು ಹೆಸರು ನೆನಪಿಟ್ಟುಕೊಳ್ಳಿ. ರೊಸ್‌ಪೊತ್ರೆಬ್‌ನಾದ್ಜೋರ್ ಗ್ರಾಹಕರ ಆರೋಗ್ಯ ನೋಡಿಕೊಳ್ಳುವ ಇಲಾಖೆ. ರೊಸ್‌ಸೆಲ್‌ಖೋಜ್‌ನಾದ್ಜೋರ್ ಬೆಳೆ ಮತ್ತು ಜಾನುವಾರು ಉತ್ಪನ್ನಗಳನ್ನು ತಪಾಸಣೆ ಮಾಡುವ ಇಲಾಖೆ. ಇವರ ಆದೇಶದಲ್ಲಿ ಕೀಟನಾಶಕ, ಹುಳ, ಲೇಬಲ್ ಎಂದಷ್ಟೇ ಇರುತ್ತದೆ. 2014ರ ಆಗಸ್ಟ್ 6ರಂದು ಅಧ್ಯಕ್ಷ ಪುಟಿನ್ ಹೊರಡಿಸಿದ ಆದೇಶದ ಬಗೆ ಬೇರೆ. ಯುರೋಪ್ ಒಕ್ಕೂಟ, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನಾರ್ವೆಯ ಮಾಂಸ, ಮೀನು, ಹಾಲು, ಹಣ್ಣು ಬೇಡ ಎಂದಾಗ ಅದು ನಿರ್ಬಂಧಕ್ಕೆ ಪ್ರತಿ ನಿರ್ಬಂಧ ಎಂಬುದು ಎಲ್ಲರಿಗೂ ಗೊತ್ತಿತ್ತು.

ಕೆಲವು ಸಲ ಕೋರ್ಟೂ ನಡುವೆ ಬರುತ್ತದೆ. 2022ರ ಜೂನ್‌ನಲ್ಲಿ ಕಜಕಿಸ್ತಾನದ ಅಧ್ಯಕ್ಷ ತೊಕಾಯೆವ್, ಪುಟಿನ್ ವೇದಿಕೆಯಲ್ಲಿರುವಾಗಲೇ, ರಷ್ಯಾ ಮಾನ್ಯ ಮಾಡಿದ್ದ ಉಕ್ರೇನಿನ ಲುಹಾನ್‌ಸ್ಕ್ ಮತ್ತು ಡೊನೆಟ್‌ಸ್ಕ್‌ಗಳನ್ನು ಬೇರೆ ದೇಶಗಳೆಂದು ಒಪ್ಪುವುದಿಲ್ಲ ಎಂದರು. ಜುಲೈನಲ್ಲಿ ರಷ್ಯಾದ ಕೋರ್ಟೊಂದು ಕಜಕಿಸ್ತಾನದ ಹೆಚ್ಚಿನ ತೈಲ ರಷ್ಯಾದ ಮೂಲಕ ಹೊರಗೆ ಹೋಗುವ ಪೈಪ್‌ಲೈನನ್ನು 30 ದಿನ ನಿಲ್ಲಿಸಿ ಎಂದಿತು. ತೈಲ ಸೋರಿದರೆ ಏನು ಮಾಡಬೇಕು ಎಂಬ ಕಾಗದಪತ್ರ ಸರಿಯಿಲ್ಲ ಎಂಬುದು ದೂರು. ಕೆಲವೇ ದಿನಗಳಲ್ಲಿ ಅದು 2,00,000 ರೂಬಲ್ ದಂಡಕ್ಕೆ ಇಳಿಯಿತು.

2. ಕ್ಯಾಲೆಂಡರ್ ತೆಗೆಯಿರಿ

ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಇದೇ. ಹಿಂದಿನ ಒಂದು ತಿಂಗಳಲ್ಲಿ ಏನಾಯಿತು, ಮುಂದಿನ ಕೆಲವು ತಿಂಗಳಲ್ಲಿ ಯಾವ ಸಭೆ ಇದೆ, ಎರಡನ್ನೂ ನೋಡಿ.

2013ನ್ನೇ ತೆಗೆದುಕೊಳ್ಳಿ. ಜುಲೈನಲ್ಲಿ ಉಕ್ರೇನಿನ ರೋಶೆನ್ ಚಾಕೊಲೇಟಿಗೆ ತಡೆ ಬಿತ್ತು. ಅದರ ಒಡೆಯ ಯುರೋಪ್ ಕಡೆ ಒಲವಿದ್ದ ರಾಜಕಾರಣಿ ಪೆಟ್ರೊ ಪೊರೊಶೆಂಕೊ. ಆಗಸ್ಟ್‌ನಲ್ಲಿ ಉಕ್ರೇನಿನಿಂದ ಬಂದ ಮಾಲನ್ನೆಲ್ಲ ಬಿಚ್ಚಿ ನೋಡುವ ತಪಾಸಣೆ ಶುರುವಾಗಿ ಲಾರಿಗಳು ಗಡಿಯಲ್ಲಿ ಸಾಲುಗಟ್ಟಿದವು. ಸೆಪ್ಟೆಂಬರ್‌ನಲ್ಲಿ ಮೊಲ್ಡೊವಾದ ವೈನ್. ಅಕ್ಟೋಬರ್‌ನಲ್ಲಿ ಲಿಥುವೇನಿಯಾದ ಹಾಲು, ಚೀಸ್. ನವೆಂಬರ್ ಕೊನೆಗೆ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಸಭೆ. ಅಲ್ಲಿ ಉಕ್ರೇನ್ ಯುರೋಪ್ ಒಕ್ಕೂಟದ ಜೊತೆ ಒಪ್ಪಂದಕ್ಕೆ ಸಹಿ ಹಾಕಬೇಕಿತ್ತು, ಮೊಲ್ಡೊವಾ ಅದರ ಮೊದಲ ಹೆಜ್ಜೆ ಇಡಬೇಕಿತ್ತು. ನಾಲ್ಕು ತಿಂಗಳಲ್ಲಿ ಚಾಕೊಲೇಟ್, ವೈನ್, ಹಾಲು ಎಲ್ಲವೂ ಒಟ್ಟಿಗೇ ಕೆಟ್ಟವು ಎಂದು ನಂಬುವುದು ನನಗೆ ಆಗುವುದಿಲ್ಲ. ಉಕ್ರೇನ್ ಸರ್ಕಾರ ನವೆಂಬರ್ 21ರಂದು ಒಪ್ಪಂದದ ತಯಾರಿ ನಿಲ್ಲಿಸಿತು. ಕೀವ್‌ನಲ್ಲಿ ಜನ ಬೀದಿಗೆ ಇಳಿದರು.

3. ದೂರು ನಿಜವೂ ಇರಬಹುದು, ಪರೀಕ್ಷಿಸಿ

ಗಡಿಯಲ್ಲಿ ಮಾಲು ತಡೆದ ತಕ್ಷಣ ಅದು ರಾಜಕೀಯ ಎನ್ನುವುದೂ ತಪ್ಪು. 2014ರ ಮೇನಲ್ಲಿ ಯುರೋಪ್ ಒಕ್ಕೂಟ ಆಪೂಸು ಸೇರಿದಂತೆ ನಮ್ಮ ಮಾವು, ಹಾಗಲ, ಪಡವಲ, ಬದನೆ, ಕೆಸುವನ್ನು ತಡೆದಿತ್ತು. ಹಿಂದಿನ ವರ್ಷ ಹೋದ ಮಾಲಿನಲ್ಲಿ ಹಣ್ಣುನೊಣದಂಥ ಕೀಟ ಸಿಕ್ಕಿತ್ತು. ನಮ್ಮವರು ತಪಾಸಣೆ ಬಿಗಿ ಮಾಡಿದರು, ಮಾವಿನ ಮೇಲಿನ ತಡೆಯನ್ನು ಒಕ್ಕೂಟ ಗಡುವಿಗೆ ಮುಂಚೆಯೇ ತೆಗೆಯಿತು. ತಪ್ಪು ಏನು, ತಿದ್ದುವುದು ಹೇಗೆ, ತಡೆ ಎಲ್ಲಿಯವರೆಗೆ ಎಂಬುದು ಅಲ್ಲಿ ಮೊದಲೇ ಗೊತ್ತಿತ್ತು. ರಷ್ಯಾದ ಆದೇಶದಲ್ಲಿ ಈ ಮೂರೂ ಇವೆಯಾ ನೋಡಿ.

ಮೇಲೆ ಹೇಳಿದ ಕಜಕಿಸ್ತಾನದ ಗೋಧಿಗೂ ಇನ್ನೊಂದು ಕಾರಣ ಇರಬಹುದು. 2024ರ ಆಗಸ್ಟ್‌ನಲ್ಲಿ ಕಜಕಿಸ್ತಾನವೇ ಹೊರಗಿನ ಗೋಧಿ ಬರುವುದನ್ನು ತಡೆದಿತ್ತು. ಅದರ ಪೆಟ್ಟು ಬಿದ್ದದ್ದು ರಷ್ಯಾದ ಗೋಧಿಗೆ.

4. ಬಾಗಿಲು ಯಾವಾಗ ತೆರೆಯಿತು ನೋಡಿ

ತಡೆ ತೆಗೆದದ್ದು ಮಾಲು ಸರಿಯಾದ ಮೇಲಾ, ಮನಸ್ತಾಪ ತಣಿದ ಮೇಲಾ? 2009ರ ಜೂನ್‌ನಲ್ಲಿ ಬೆಲಾರೂಸಿನ ನೂರಾರು ಹಾಲಿನ ಉತ್ಪನ್ನಗಳನ್ನು ರಷ್ಯಾ ತಡೆಯಿತು. ಬೆಲಾರೂಸಿನ ಅಧ್ಯಕ್ಷ ಲುಕಾಶೆಂಕೊ ಸಿಟ್ಟಿಗೆದ್ದು ಮಾಸ್ಕೊದ ರಕ್ಷಣಾ ಸಭೆಗೇ ಹೋಗಲಿಲ್ಲ. ಎರಡು ವಾರ ತುಂಬುವ ಮೊದಲೇ ಹಾಲು ಮತ್ತೆ ಹೊರಟಿತು. 2015ರ ನವೆಂಬರ್‌ನಲ್ಲಿ ಟರ್ಕಿ ರಷ್ಯಾದ ಯುದ್ಧವಿಮಾನ ಹೊಡೆದುರುಳಿಸಿತು. 2016ರ ಜನವರಿಯಿಂದ ಟರ್ಕಿಯ ಟೊಮೆಟೊ ನಿಂತಿತು. ರಾಜಿಯಾದ ಮೇಲೂ 2017ರ ಕೊನೆಯವರೆಗೆ ಕಾಯಬೇಕಾಯಿತು.

5. ಕೊನೆಗೆ, ಆ ಮಾಲನ್ನೇ ನಂಬಿದವರನ್ನು ನೋಡಿ

2006ರ ಮಾರ್ಚ್‌ನಲ್ಲಿ ಜಾರ್ಜಿಯಾ, ಮೊಲ್ಡೊವಾಗಳ ವೈನ್ ಮಾರಬಾರದು ಎಂದು ರಷ್ಯಾದ ಮುಖ್ಯ ಆರೋಗ್ಯಾಧಿಕಾರಿ ಗೆನ್ನಾದಿ ಒನಿಶ್ಚೆಂಕೊ ಆದೇಶಿಸಿದರು. ಮೇನಲ್ಲಿ ಜಾರ್ಜಿಯಾದ ಬೊರ್ಜೊಮಿ ಖನಿಜ ನೀರಿನ ಸರದಿ. ಜಾರ್ಜಿಯಾದ ವೈನ್ ರಫ್ತಿನ ದೊಡ್ಡ ಪಾಲು ರಷ್ಯಾಕ್ಕೇ ಹೋಗುತ್ತಿತ್ತು. ಪೂರ್ವದ ಕಾಖೆತಿ ಸೀಮೆಯಲ್ಲಿ ದ್ರಾಕ್ಷಿಯೇ ಜನರ ಬದುಕು. ಅಲ್ಲಿ ಕ್ವೆವ್ರಿ ಎಂಬ ದೊಡ್ಡ ಮಣ್ಣಿನ ಹರವಿಗಳನ್ನು ಕತ್ತಿನವರೆಗೆ ನೆಲದಲ್ಲಿ ಹೂತು, ದ್ರಾಕ್ಷಿ ರಸವನ್ನು ಸಿಪ್ಪೆ ಸಮೇತ ಅದರೊಳಗೆ ಹುಳಿ ಬರಿಸುತ್ತಾರೆ. ಅಕ್ಟೋಬರ್‌ನ ಸುಗ್ಗಿಯಲ್ಲಿ ತುಂಬಿದ ಹರವಿ ತೆರೆಯುವುದು ವಸಂತದಲ್ಲಿ. ಆದೇಶ ಬಂದದ್ದೂ ಆಗಲೇ.

ಆಮೇಲೆ ಆ ವೈನ್ ಉಕ್ರೇನ್, ಪೋಲೆಂಡ್, ಚೀನಾಗಳಿಗೆ ದಾರಿ ಹುಡುಕಿಕೊಂಡಿತು. ಕಾರ್ಖಾನೆಗಳು ಗುಣಮಟ್ಟ ಸುಧಾರಿಸಿಕೊಂಡವು. 2012ರ ಚುನಾವಣೆಯಲ್ಲಿ ಜಾರ್ಜಿಯಾದಲ್ಲಿ ಸರ್ಕಾರ ಬದಲಾಯಿತು, 2013ರಲ್ಲಿ ರಷ್ಯಾ ಬಾಗಿಲು ತೆರೆಯಿತು. ಇವತ್ತು ಜಾರ್ಜಿಯಾ ಹೊರದೇಶಕ್ಕೆ ಮಾರುವ ವೈನಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮತ್ತೆ ರಷ್ಯಾಕ್ಕೇ ಹೋಗುತ್ತಿದೆ.