ಪಾತಿ ದೋಣಿಯಲ್ಲಿ ಕಾಂಡ್ಲಾ ಕಾಡಿನೊಳಗೆ

ನಮ್ಮೂರು ಕುಮಟಾ ಹತ್ತಿರ. ಅಘನಾಶಿನಿ ಹೊಳೆಯನ್ನು ದೋಣಿಯಲ್ಲಿ ಎಷ್ಟು ಸಲ ದಾಟಿದ್ದೇನೋ ಲೆಕ್ಕವಿಲ್ಲ. ಆದರೆ ಹೊಳೆಯಿಂದ ಕವಲೊಡೆದು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಮಾಯವಾಗುವ ಸಣ್ಣ ಹಾದಿಗಳೊಳಗೆ ಒಮ್ಮೆಯೂ ಹೋಗಿರಲಿಲ್ಲ. ಚಿಕ್ಕವರಿದ್ದಾಗ ದೊಡ್ಡವರು ಬಿಡುತ್ತಿರಲಿಲ್ಲ. "ಅಲ್ಲಿ ಹೂಳು" ಅಂದರೆ ಮಾತು ಮುಗಿಯಿತು.

ಈಗ ನಲವತ್ತು ದಾಟಿದೆ, ಬಿಡದಿರುವವರು ಯಾರೂ ಇಲ್ಲ. ಜನವರಿಯಲ್ಲಿ ರಜೆ ಹಾಕಿ ಊರಿಗೆ ಬಂದಾಗ ಫೋನಿನ ಮ್ಯಾಪ್ ತೆರೆದು ನೋಡಿದೆ. ಒಂದು ಕವಲು ಹಾವಿನ ಹಾಗೆ ಸುತ್ತಿಕೊಂಡು ಗಜನಿ, ಅಂದರೆ ಹೊಳೆಯಂಚಿನ ಉಪ್ಪುನೀರಿನ ಗದ್ದೆಗಳ ಕಡೆ ಹೋಗಿತ್ತು. ಹೆಚ್ಚೆಂದರೆ ಮೂರು ಕಿಲೋಮೀಟರ್. ಹೋಗಿ ಬರಲು ಎರಡು ತಾಸು ಸಾಕು ಅಂದುಕೊಂಡೆ. ಆ ನೀಲಿ ಗೆರೆಯನ್ನು ನಂಬಿದ್ದೇ ನನ್ನ ಮೊದಲ ತಪ್ಪು.

ಮಳೆಗಾಲದಲ್ಲಿ ಈ ಯೋಚನೆಯನ್ನೇ ಮಾಡಬಾರದು. ಶಿರಸಿ ಘಟ್ಟದಿಂದ ಸಮುದ್ರದವರೆಗೆ ಈ ಹೊಳೆಗೆ ದೊಡ್ಡ ಅಣೆಕಟ್ಟು ಇಲ್ಲ. ಮೇಲೆ ಬಿದ್ದ ಮಳೆಯೆಲ್ಲ ಹಾಗೇ ಕೆಳಗೆ ಬರುತ್ತದೆ. ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ.

ದೋಣಿ ಕೊಟ್ಟಿದ್ದು ಪಕ್ಕದ ಕೇರಿಯ ಹಿರಿಯರೊಬ್ಬರು. ಮರದ ದಿಮ್ಮಿ ಕೊರೆದು ಮಾಡಿದ ಹಳೇ ಪಾತಿ ದೋಣಿ, ಇಬ್ಬರು ಕೂರುವಷ್ಟು. ಅದರಲ್ಲಿ ಕೂರುವುದೇ ಒಂದು ವಿದ್ಯೆ. ಹಲಗೆಯ ಮೇಲೆ ಕುಂತರೆ ಅಲ್ಲಾಡುತ್ತದೆ, ತಳದಲ್ಲಿ ಕಾಲು ಚಾಚಿ ಕುಂತರೆ ಸುಮ್ಮನಿರುತ್ತದೆ. ಹುಟ್ಟು ಹಾಕುವುದು ಒಂದೇ ಬದಿಯಿಂದ. ಪ್ರತಿ ಸಲ ಕೊನೆಯಲ್ಲಿ ಹುಟ್ಟಿನ ಅಲಗನ್ನು ಸ್ವಲ್ಪ ಹೊರಗೆ ತಿರುಗಿಸಬೇಕು, ಇಲ್ಲದಿದ್ದರೆ ದೋಣಿ ಗಿರಗಿರ ಸುತ್ತುತ್ತದೆ. ನಾನು ಎರಡು ದಿನ ಸುತ್ತಿದೆ. ದಡದಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುತ್ತಿದ್ದ ಹೆಂಗಸರಿಗೆ ಒಳ್ಳೇ ಮನರಂಜನೆ.

"ಒಳಗೆ ಹೋಗೂಕೆ ಎಷ್ಟು ಹೊತ್ತು ಬೇಕು ಮಾವ?" ಅಂತ ಕೇಳಿದೆ.

"ನೀರು ಇದ್ರೆ ಒಂದು ತಾಸು ತಮಾ. ಇಲ್ದಿದ್ರೆ ನಾಳೆ."

ತಮಾಷೆ ಅಂದುಕೊಂಡು ನಕ್ಕೆ.

ಭರತ, ಇಳಿತದ ಲೆಕ್ಕ ನನಗೆ ಪುಸ್ತಕದ ಮಟ್ಟಿಗೆ ಗೊತ್ತಿತ್ತು. ಸಮುದ್ರದ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ಏರಿಳಿತ ಜಾಸ್ತಿ, ಅಷ್ಟಮಿ ಆಸುಪಾಸು ಕಡಿಮೆ. ಗೊತ್ತಿಲ್ಲದಿದ್ದದ್ದು ಬೇರೆ. ಕವಲಿನ ಒಳಗೆ ಭರತ ತಡವಾಗಿ ಮುಟ್ಟುತ್ತದೆ. ಇಳಿಯುವಾಗ ಮಾತ್ರ ಕವಲಿನ ಒಳತುದಿಯ ನೀರೇ ಮೊದಲು ಬರಿದಾಗುತ್ತದೆ, ಯಾಕೆಂದರೆ ಅಲ್ಲಿನ ತಳ ಎತ್ತರ. ಕವಲು ಹೊಳೆಗೆ ಸೇರುವ ಬಾಯಲ್ಲಿ ಇನ್ನೂ ಆಳೆತ್ತರ ನೀರಿರುವಾಗಲೇ ಒಳಗೆ ಕೆಸರು ಕಾಣಿಸುತ್ತದೆ.

ಹೋದ ದಿನ ತ್ರಯೋದಶಿ. ಬೆಳಿಗ್ಗೆ ಎಂಟಕ್ಕೆ, ಏರುವ ನೀರಿನ ಜೊತೆಗೇ ಒಳಗೆ ಹೊಕ್ಕೆ. ನೀರೇ ಒಯ್ಯುತ್ತಿತ್ತು, ಹುಟ್ಟು ದಿಕ್ಕು ಹಿಡಿಯಲು ಮಾತ್ರ. ನಾಲ್ಕು ತಿರುವು ಕಳೆಯುವಷ್ಟರಲ್ಲಿ ಹೆದ್ದಾರಿಯ ಲಾರಿ ಸದ್ದು ನಿಂತಿತು. ಕಾಂಡ್ಲಾದ ಬೇರುಗಳು ಕೊಡೆಯ ಕಡ್ಡಿಗಳ ಹಾಗೆ ಎರಡೂ ಕಡೆಯಿಂದ ನೀರಿಗೆ ಇಳಿದಿದ್ದವು. ಅದರ ಬೀಜ ಮರದಲ್ಲಿರುವಾಗಲೇ ಮೊಳಕೆ ಒಡೆಯುತ್ತದೆ. ನುಗ್ಗೆಕಾಯಿಯ ಹಾಗೆ ಉದ್ದಕ್ಕೆ ಜೋತು, ಬಿದ್ದರೆ ಕೆಸರಿನಲ್ಲಿ ನೆಟ್ಟಗೆ ಊರಿಕೊಳ್ಳುತ್ತದೆ. ಒಂದು ನನ್ನ ದೋಣಿಗೇ ಬಿತ್ತು.

ಹತ್ತು ಗಂಟೆಗೆ ತಿರುಗಬೇಕಿತ್ತು. ಒಂದು ಮಿಂಚುಳ್ಳಿ ಕೊಂಬೆಯಿಂದ ಕೊಂಬೆಗೆ ಹಾರಿ ಮುಂದೆ ಮುಂದೆ ಕರೆದುಕೊಂಡು ಹೋಯಿತು. ಸುಮ್ನೆ ಅದನ್ನು ದೂರುತ್ತಿದ್ದೇನೆ, ನಿಜವಾಗಿ ಗಜನಿ ಕಟ್ಟೆ ನೋಡುವ ಹಟ ನನ್ನದೇ. ಹನ್ನೊಂದೂವರೆಗೆ ದೋಣಿಯ ತಳ ಮೆಲ್ಲಗೆ ಉಜ್ಜಿತು. ಗಳ ಊರಿ ದೂಡಿದೆ. ಗಳ ಒಳಗೆ ಹೋಯಿತು, ದೋಣಿ ಅಲ್ಲೇ ಇತ್ತು. ಗಳ ಕೀಳಲು ಹೋಗಿ ನಾನೇ ಹೊರಗೆ ಬೀಳುವುದಿತ್ತು.

ಇಳಿದು ಎಳೆಯೋಣ ಅಂತ ಒಂದು ಕಾಲು ಹಾಕಿದೆ. ತೊಡೆಯವರೆಗೆ ಹೋಯಿತು. ಒಳಗೆ ಯಾವುದೋ ಚಿಪ್ಪು ಪಾದ ಕೊಯ್ದಿತು. ದೋಣಿಯ ಅಂಚಿನ ಮೇಲೆ ಹೊಟ್ಟೆ ಊರಿ ಮಲಗಿ, ಕಾಲನ್ನು ಅತ್ತಿತ್ತ ಅಲುಗಿಸುತ್ತಾ ನಿಧಾನ ಎಳೆದುಕೊಂಡೆ. ಎರಡೂ ಕಾಲು ಇಳಿಸಿದ್ದರೆ ಏನಾಗುತ್ತಿತ್ತೋ.

ಆಮೇಲೆ ಮಾಡಲು ಕೆಲಸವೇ ಇರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಒಂದು ಬಾಟಲಿ ನೀರು, ಎರಡು ಬಾಳೆಹಣ್ಣು. ಕೆಸರು ಬಿಸಿಲಿಗೆ ಕೊಳೆತ ಮೊಟ್ಟೆಯ ವಾಸನೆ ಬಿಡತೊಡಗಿತು. ಒಂದು ತಾಸು ಕಳೆದ ಮೇಲೆ ನಾನು ಅಲ್ಲಿರುವುದನ್ನು ಎಲ್ಲರೂ ಮರೆತರು. ಬಿಲಗಳಿಂದ ಏಡಿಗಳು ಹೊರಬಂದವು, ಗಂಡು ಏಡಿಗೆ ಒಂದೇ ಕೊಂಬು ದೊಡ್ಡದು, ಅದನ್ನು ಎತ್ತಿ ಎತ್ತಿ ಯಾರನ್ನೋ ಕರೆಯುತ್ತಿತ್ತು. ನೆತ್ತಿಯ ಮೇಲೆ ಕಣ್ಣಿರುವ ಸಣ್ಣ ಮೀನುಗಳು ನೀರು ಬಿಟ್ಟು ಕೆಸರಿನಲ್ಲೇ ಕುಪ್ಪಳಿಸುತ್ತಾ ಜಗಳವಾಡಿದವು. ಹುಟ್ಟು ಹಾಕುತ್ತಾ ಹೋಗಿದ್ದರೆ ಇದೊಂದೂ ಕಾಣುತ್ತಿರಲಿಲ್ಲ ಅಂತ ಈಗ ಹೇಳಬಹುದು. ಆಗ ನನಗೆ ಬೇಕಾಗಿದ್ದದ್ದು ನೆರಳು.

ಮೂರೂವರೆ ದಾಟಿದ ಮೇಲೆ ಕೆಸರಿನ ಗೀರುಗಳಲ್ಲಿ ನೀರು ಮೇಲಕ್ಕೆ ಹರಿಯತೊಡಗಿತು, ಬೆರಳಿನಷ್ಟು. ಸಂಜೆ ಆರಕ್ಕೆ ದೋಣಿ ಎದ್ದಿತು. ಒಳಗೆ ನುಗ್ಗುವ ನೀರಿಗೆ ಎದುರಾಗಿ ಹುಟ್ಟು ಹಾಕಿ ಹೊಳೆಗೆ ಬರುವಾಗ ಕತ್ತಲಾಗಿತ್ತು. ಚಂದ್ರ ಆಗಲೇ ಮೇಲೆ ಬಂದಿದ್ದ, ಅದೊಂದು ಪುಣ್ಯ. ಮಾವ ಲಾಟೀನು ಅಲ್ಲ, ಮೊಬೈಲ್ ಟಾರ್ಚ್ ಹಿಡಿದು ದಡದಲ್ಲಿ ನಿಂತಿದ್ದರು. ಬೈಯಲಿಲ್ಲ. "ಮೀನು ಸಿಕ್ಕಿತಾ?" ಅಂತ ಕೇಳಿದರು.

ಆಮೇಲೆ ನಾಲ್ಕು ಸಲ ಹೋಗಿದ್ದೇನೆ. ಈಗ ಭರತ ತುಂಬುವ ಹೊತ್ತಿಗೆ ಎಲ್ಲೇ ಇರಲಿ, ತಿರುಗುತ್ತೇನೆ. ಗುರುತಿಗೆ ಬೇರುಗಳನ್ನು ನೋಡುತ್ತೇನೆ: ನೀರಿನ ಮೇಲೆ ಎರಡು ಬೆರಳು ಒದ್ದೆ ಪಟ್ಟಿ ಕಂಡರೆ ಇಳಿತ ಶುರುವಾಗಿದೆ ಅಂತ ಲೆಕ್ಕ. ಲೈಫ್ ಜಾಕೆಟ್, ನಾಲ್ಕು ಲೀಟರ್ ನೀರು, ನೀರು ಮೊಗೆಯಲು ಡಬ್ಬಿ, ಕಾಲಿಗೆ ಗಟ್ಟಿ ಬೂಟು. ಯಾವ ಕವಲಿಗೆ ಹೋಗುತ್ತೇನೆ ಅಂತ ದಡದಲ್ಲಿ ಹೇಳಿ ಹೋಗುತ್ತೇನೆ.

2024ರಲ್ಲಿ ಈ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು, ಪೇಪರಿನಲ್ಲಿ ಜೌಗು ಪ್ರದೇಶ ಅಂತ ಬಂತು. ಇಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಹೊಳೆ, ಗಜನಿ, ಕಾಂಡ್ಲಾ, ಅಷ್ಟೇ.

ಮೂರನೇ ಸಲ ಕಡೆಗೂ ಕಟ್ಟೆ ಮುಟ್ಟಿದೆ. ಮಣ್ಣು ಕಲ್ಲಿನ ಉದ್ದ ದಂಡೆ, ನಡುವೆ ನೀರು ಬಿಡುವ ಹಲಗೆ ಬಾಗಿಲು. ಮಳೆಗಾಲದಲ್ಲಿ ಅದನ್ನು ಮುಚ್ಚಿ, ಮಳೆನೀರಿಗೆ ಉಪ್ಪು ತೊಳೆದುಹೋದ ಮೇಲೆ ಆಚೆ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಲು ಮುಗಿದ ಮೇಲೆ ಬಾಗಿಲು ತೆಗೆದರೆ ಅದೇ ಗದ್ದೆಗೆ ಸಿಗಡಿ, ಮೀನು. ಹುಲ್ಲಿನ ಕೂಳೆಗಳ ನಡುವೆ ಬೆಳ್ಳಕ್ಕಿಗಳು ನಿಂತಿದ್ದವು. ಮನುಷ್ಯರು ಕಾಲಿಡದ ಜಾಗಕ್ಕೆ ಬಂದ ಖುಷಿಯಲ್ಲಿ ದೋಣಿ ಕಟ್ಟುತ್ತಿದ್ದೆ. ಬಲೆ ಹಿಡಿದ ಒಬ್ಬರು ಕಟ್ಟೆಯ ಮೇಲಿಂದ ಬಗ್ಗಿ ನೋಡಿದರು.

"ದೋಣಿಲಿ ಯಾಕೆ ಬಂದ್ಯೋ ತಮಾ? ರಸ್ತೆ ಉಂಟಲ್ಲ."

ಅವರ ಬೈಕು ಹಿಂದೆ ನಿಂತಿತ್ತು.